ತಬ್ಬಲಿ ಮಕ್ಕಳಿಗೊಂದು ಮನೆ ಕಟ್ಟುವ ಮುನ್ನ

ಇಂದಿನ ಮಾತು ಎರಡು ಸ್ವಾಹಿಲಿ ಪದಗಳಿಂದ ಶುರುವಾಗಲಿ. ನೈರೋಬಿಯಲ್ಲಿ ಬೆಳೆದವರಿಗೆ ಇವು ಗೊತ್ತೇ ಇರುತ್ತವೆ. ಕಿಲಿಮಾ ಎಂದರೆ ಗುಡ್ಡ. ಅದಕ್ಕೆ ‘ನಿ’ ಸೇರಿದರೆ ಕಿಲಿಮಾನಿ, ಅಂದರೆ ಗುಡ್ಡದಲ್ಲಿ. ನ್ಯುಂಬಾ ಎಂದರೆ ಮನೆ. ಅದಕ್ಕೆ ‘ನಿ’ ಸೇರಿದರೆ ನ್ಯುಂಬಾನಿ, ಅಂದರೆ ಮನೆಯಲ್ಲಿ. ಕನ್ನಡದಲ್ಲಿ ‘ಅಲ್ಲಿ’ ಮಾಡುವ ಕೆಲಸವನ್ನು ಸ್ವಾಹಿಲಿಯಲ್ಲಿ ‘ನಿ’ ಮಾಡುತ್ತದೆ.

ಮನೆಯನ್ನು ದುಡ್ಡು ಕೊಟ್ಟು ಕಟ್ಟಿಸಬಹುದು. ಆದರೆ ಒಂದು ಮಗುವಿಗೆ ‘ನಾನೀಗ ಮನೆಯಲ್ಲಿದ್ದೇನೆ’ ಅನ್ನಿಸುವ ಹಾಗೆ ಮಾಡುವುದು ಬೇರೆಯದೇ ಕೆಲಸ. ಆ ಎರಡನೆಯ ಕೆಲಸದ ಬಗ್ಗೆ ನಿಮ್ಮ ಜೊತೆ ಸ್ವಲ್ಪ ಮಾತಾಡಬೇಕೆನಿಸಿದೆ. ಕಾರಣ ಇದೆ. ನಿಮ್ಮಲ್ಲಿ ಬಹಳ ಮಂದಿ ಶಾಲೆಯ ಸಮಾಜಸೇವೆಯ ಗಂಟೆಗಳಿಗಾಗಿಯೋ, ಹುಟ್ಟುಹಬ್ಬದ ದಿನ ಅಮ್ಮ ಅಪ್ಪನ ಜೊತೆಗೋ ಯಾವುದಾದರೂ ಮಕ್ಕಳ ಮನೆಗೆ ಹೋಗಿ ಬಂದಿರುತ್ತೀರಿ. ಕೇಕ್ ಕತ್ತರಿಸಿ, ಫೋಟೋ ತೆಗೆದು, ಸಂಜೆ ವಾಪಸಾಗಿ, ಮನಸ್ಸಿನಲ್ಲಿ ಏನೋ ಕಸಿವಿಸಿ ಉಳಿದಿರುತ್ತದೆ. ‘ನಾವೇ ಒಂದು ಒಳ್ಳೆಯ ಅನಾಥಾಲಯ ಕಟ್ಟಿದರೆ ಹೇಗೆ?’ ಎಂಬ ಮಾತು ನಮ್ಮ ಹಿರಿಯರ ಕೂಟಗಳಲ್ಲೂ ಆಗಾಗ ಬರುತ್ತದೆ. ಆಸೆ ಒಳ್ಳೆಯದೇ. ಆದರೆ ಕಟ್ಟುವ ಮುನ್ನ ತಿಳಿಯಬೇಕಾದ ಸಂಗತಿಗಳು ಕೆಲವಿವೆ.

ಮೂರು ಕನ್ನಡ ಪದಗಳು

ಅಪ್ಪ ಅಮ್ಮ ಇಲ್ಲದ ಮಗುವಿಗೆ ಕನ್ನಡದಲ್ಲಿ ಮೂರು ಪದಗಳಿವೆ. ಒಂದು ಅನಾಥ, ಕಾಯುವ ನಾಥ ಇಲ್ಲದವನು. ಇನ್ನೊಂದು ತಬ್ಬಲಿ. ಮೂರನೆಯದು ನಿಮ್ಮನ್ನು ಸ್ವಲ್ಪ ಬೆಚ್ಚಿಬೀಳಿಸಬಹುದು: ಪರದೇಶಿ. ಊರ ಕಡೆ ಹಿರಿಯರು ‘ಪಾಪ, ಪರದೇಶಿ ಮಗು’ ಎಂದರೆ ವಿದೇಶದ ಮಗು ಎಂದಲ್ಲ, ದಿಕ್ಕಿಲ್ಲದ ಮಗು ಎಂದು ಅರ್ಥ. ಹಳೆಯ ಕಾಲದವರ ಲೆಕ್ಕದಲ್ಲಿ ತನ್ನ ಊರು, ತನ್ನ ಜನ, ತನ್ನ ಮಾತು ಕಳೆದುಕೊಂಡವನೂ ತಬ್ಬಲಿಯೂ ಒಂದೇ.

ಪರದೇಶದಲ್ಲೇ ಹುಟ್ಟಿ ಬೆಳೆದ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಧಾರವಾಡದಿಂದಲೋ ಮಂಗಳೂರಿನಿಂದಲೋ ಅಜ್ಜಿ ಫೋನ್ ಮಾಡಿದಾಗ, ಹೇಳಬೇಕಾದ್ದು ಬಾಯಿಗೆ ಬರದೆ ನೀವು ಫೋನನ್ನು ಅಮ್ಮನ ಕೈಗೆ ಕೊಟ್ಟ ದಿನ ನೆನಪಿದೆಯೇ? ನಿಮಗೆ ಅಮ್ಮ ಪಕ್ಕದಲ್ಲಿದ್ದರು. ಕಿತುಯಿಯ ಹಳ್ಳಿಯಿಂದ ಐದನೇ ವಯಸ್ಸಿಗೆ ನೈರೋಬಿಯ ಸಂಸ್ಥೆಗೆ ಬಂದ ಮಗುವೊಂದು ಹತ್ತು ವರ್ಷವಾದ ಮೇಲೆ ತನ್ನ ಅಜ್ಜಿಯ ಕಂಬಾ ಭಾಷೆಯನ್ನು ಮರೆತಿದ್ದರೆ, ಅದರ ಪಕ್ಕದಲ್ಲಿ ಯಾರಿದ್ದಾರೆ?

ಗೋವಿನ ಹಾಡಿನ ಕಥೆ ನಿಮಗೆ ಗೊತ್ತು. ಹುಲಿಗೆ ಕೊಟ್ಟ ಮಾತು ಉಳಿಸಲು ಹೊರಟ ಪುಣ್ಯಕೋಟಿ ಕರುವನ್ನು ಯಾರಿಗೆ ಒಪ್ಪಿಸುತ್ತಾಳೆ? ತನ್ನದೇ ದೊಡ್ಡಿಯ ಅಕ್ಕತಂಗಿಯರಿಗೆ. ಕರು ಬೇರೆ ಕಡೆಗೆ ಹೋಗುವುದಿಲ್ಲ. ಅದೇ ದೊಡ್ಡಿ, ಅದೇ ಮಂದೆ, ಗೊತ್ತಿರುವ ವಾಸನೆ. ಇಂದು ಮಕ್ಕಳ ಆರೈಕೆಯ ಬಗ್ಗೆ ಕೆಲಸ ಮಾಡುವವರು ‘ಬಂಧುಗಳ ಆರೈಕೆ’ ಎಂದು ಕರೆಯುವುದು ಇದನ್ನೇ. ಹಳೆ ಮೈಸೂರಿನ ವಾರಾನ್ನದ ಪದ್ಧತಿಯೂ ಇದರ ದೂರದ ನೆಂಟ. ಓದಲು ಪಟ್ಟಣಕ್ಕೆ ಬಂದ ಬಡ ಹುಡುಗ ವಾರದ ಏಳು ದಿನ ಏಳು ಮನೆಗಳಲ್ಲಿ ಉಣ್ಣುತ್ತಿದ್ದ. ಅದರಲ್ಲಿ ಅವಮಾನವೂ ಇತ್ತು, ಜಾತಿಯ ಗೋಡೆಯೂ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಒಂದು ಮಗುವಿನ ಭಾರವನ್ನು ಹಲವು ಒಲೆಗಳು ಹಂಚಿಕೊಳ್ಳಬಹುದು ಎಂಬ ತಿಳಿವೂ ಅದರಲ್ಲಿತ್ತು.

ಅಪ್ಪ ಅಮ್ಮ ಇದ್ದೂ ಅನಾಥಾಲಯದಲ್ಲಿ

ಈಗ ಒಂದು ಕಹಿ ಸಂಗತಿ. ಅನಾಥಾಲಯಗಳಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರು ನೀವು ಅಂದುಕೊಂಡಂತೆ ಅನಾಥರಲ್ಲ. ‘ಸೇವ್ ದ ಚಿಲ್ಡ್ರನ್’ ಸಂಸ್ಥೆ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನ ಇಂಥ ಸಂಸ್ಥೆಗಳಲ್ಲಿರುವ ಐದು ಮಕ್ಕಳಲ್ಲಿ ನಾಲ್ವರಿಗೆ ತಾಯಿ ಅಥವಾ ತಂದೆ ಬದುಕಿದ್ದಾರೆ. ಹಾಗಾದರೆ ಮಕ್ಕಳು ಅಲ್ಲಿಗೆ ಯಾಕೆ ಬಂದರು? ಬಹುಪಾಲು ಬಡತನದಿಂದ. ಮನೆಯಲ್ಲಿ ಶಾಲೆಯ ಫೀಸಿಗೆ ದುಡ್ಡಿಲ್ಲ, ಅನಾಥಾಲಯದಲ್ಲಿ ಊಟವೂ ಉಂಟು, ಶಾಲೆಯೂ ಉಂಟು. ತಾಯಿ ಎದೆ ಗಟ್ಟಿ ಮಾಡಿಕೊಂಡು ಮಗುವನ್ನು ಬಿಟ್ಟು ಹೋಗುತ್ತಾಳೆ. ನಾವು ಕಟ್ಟಿದ ಕಟ್ಟಡ ಚೆನ್ನಾಗಿದ್ದಷ್ಟೂ ಆ ಎಳೆತ ಜಾಸ್ತಿ. ಮಕ್ಕಳು ಬಿಡದಿರಲೆಂದು ಕಟ್ಟಿದ ಮನೆಯೇ ಮಕ್ಕಳನ್ನು ಬಿಡಿಸಿಬಿಡುತ್ತದೆ.

ಕೆನ್ಯಾದಲ್ಲಿ 800ಕ್ಕೂ ಹೆಚ್ಚು ಸಂಸ್ಥೆಗಳಲ್ಲಿ 40,000ಕ್ಕೂ ಹೆಚ್ಚು ಮಕ್ಕಳಿದ್ದಾರೆಂದು ಅಂದಾಜು. ಅದಕ್ಕೇ 2017ರಲ್ಲಿ ಸರ್ಕಾರ ಹೊಸ ಮಕ್ಕಳ ಸಂಸ್ಥೆಗಳ ನೋಂದಣಿಯನ್ನು ತಡೆಹಿಡಿಯಿತು. 2022ರಲ್ಲಿ ಹೊಸ ಮಕ್ಕಳ ಕಾಯ್ದೆ ಜಾರಿಗೆ ಬಂತು. ಅದೇ ವರ್ಷ 2022ರಿಂದ 2032ರವರೆಗಿನ ಹತ್ತು ವರ್ಷಗಳ ರಾಷ್ಟ್ರೀಯ ಆರೈಕೆ ಸುಧಾರಣಾ ಯೋಜನೆಯೂ ಬಂತು. ಇವುಗಳ ದಾರಿ ಒಂದೇ: ಮೊದಲು ಸ್ವಂತ ಕುಟುಂಬ, ಆಮೇಲೆ ಬಂಧುಗಳು, ಆಮೇಲೆ ಸಾಕು ಕುಟುಂಬ ಅಥವಾ ದತ್ತು, ಮುಸ್ಲಿಂ ಮಕ್ಕಳಿಗೆ ಕಫಾಲಾ. ಸಂಸ್ಥೆ ಕೊನೆಯ ಆಯ್ಕೆ, ಅದೂ ಸ್ವಲ್ಪ ಕಾಲಕ್ಕೆ. 2009ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಾರ್ಗಸೂಚಿಯೂ ಇದೇ ದಿಕ್ಕಿನದು.

ಇದು ಬರೀ ಭಾವುಕತೆಯ ಮಾತಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳನ್ನು ವಿಜ್ಞಾನಿಗಳು ವರ್ಷಗಟ್ಟಲೆ ಗಮನಿಸಿದರು. ಅರ್ಧದಷ್ಟು ಮಕ್ಕಳು ಸಾಕು ಕುಟುಂಬಗಳಿಗೆ ಹೋದರು. ಅವರ ಬುದ್ಧಿಯ ಬೆಳವಣಿಗೆ, ಒಬ್ಬರನ್ನು ಅಂಟಿಕೊಳ್ಳುವ ಶಕ್ತಿ ಎರಡೂ ಸುಧಾರಿಸಿದವು. ಎರಡು ವರ್ಷ ತುಂಬುವ ಮೊದಲೇ ಹೋದ ಮಕ್ಕಳಲ್ಲಿ ಹೆಚ್ಚು. ಸಂಸ್ಥೆಯಲ್ಲಿ ಊಟ ಇಲ್ಲದೆ ಅಲ್ಲ, ತನ್ನವರು ಎನ್ನುವ ಒಬ್ಬರಿಲ್ಲದೆ ಮಗು ಸೊರಗುತ್ತದೆ. ಬೆಳಗ್ಗೆ ಒಬ್ಬ ದಾದಿ, ರಾತ್ರಿ ಇನ್ನೊಬ್ಬಳು, ಮುಂದಿನ ತಿಂಗಳು ಮತ್ತೊಬ್ಬಳು. ಅತ್ತರೆ ಯಾರ ಹೆಸರು ಹಿಡಿದು ಅಳಬೇಕು?

ಕಿಲಿಮಾನಿಯಲ್ಲೇ ನ್ಯೂ ಲೈಫ್ ಹೋಮ್ ಎಂಬ ಶಿಶುಮನೆ ಇದೆ. 1994ರಲ್ಲಿ ಶುರುವಾದ ಈ ಟ್ರಸ್ಟ್ ಬಿಟ್ಟುಹೋದ ಎಳೆಗೂಸುಗಳನ್ನು ನೋಡಿಕೊಂಡು ಕುಟುಂಬಗಳಿಗೆ ಸೇರಿಸುವ ಕೆಲಸ ಮಾಡುತ್ತಾ ಬಂದಿದೆ. ಇಂಥ ಮನೆಯ ಯಶಸ್ಸನ್ನು ಅಳೆಯುವುದು ಎಷ್ಟು ತೊಟ್ಟಿಲು ತುಂಬಿವೆ ಎಂಬುದರಿಂದಲ್ಲ, ಎಷ್ಟು ತೊಟ್ಟಿಲು ಖಾಲಿಯಾದವು ಎಂಬುದರಿಂದ.

ಕಿತುಯಿಯ ಅಜ್ಜಿಯರು

ಹಾಗಾದರೆ ಯಾರೂ ಇಲ್ಲದ ಮಕ್ಕಳೇ ಇಲ್ಲವೇ? ಇದ್ದಾರೆ. ಏಡ್ಸ್ ಕಾಯಿಲೆ ಕೆನ್ಯಾದ ಒಂದು ತಲೆಮಾರನ್ನೇ ನಡುವಿನಿಂದ ಕಿತ್ತುಕೊಂಡು ಹೋಯಿತು. ಉಳಿದವರು ಎರಡು ತುದಿಯವರು: ಮಕ್ಕಳನ್ನು ಮಣ್ಣು ಮಾಡಿದ ಅಜ್ಜಿಯರು, ತಾಯಿಯಿಲ್ಲದ ಮೊಮ್ಮಕ್ಕಳು.

1992ರಲ್ಲಿ ಫಾದರ್ ಆಂಜೆಲೋ ಡಿ’ಅಗಸ್ಟೀನೊ ಎಂಬ ಅಮೆರಿಕದ ಜೆಸ್ಯೂಟ್ ಪಾದ್ರಿ, ವೃತ್ತಿಯಲ್ಲಿ ವೈದ್ಯರೂ ಹೌದು, ನೈರೋಬಿಯಲ್ಲಿ ಎಚ್‌ಐವಿ ಸೋಂಕಿದ್ದ ತಬ್ಬಲಿ ಮಕ್ಕಳಿಗಾಗಿ ಒಂದು ಮನೆ ತೆರೆದರು. ಅದರ ಹೆಸರು ನ್ಯುಂಬಾನಿ, ಮನೆಯಲ್ಲಿ. ಆಗ ಆ ಮಕ್ಕಳು ಬಹುಕಾಲ ಬದುಕುವುದಿಲ್ಲ ಎಂಬುದೇ ಲೆಕ್ಕ. ನೆಮ್ಮದಿಯಿಂದ ಕಣ್ಣು ಮುಚ್ಚಲಿ ಎಂದು ಕಟ್ಟಿದ ಮನೆ ಅದು. ಆಮೇಲೆ ಔಷಧಿ ಬಂತು. ಮಕ್ಕಳು ಬದುಕಿದರು, ಬೆಳೆದರು, ಮೀಸೆ ಚಿಗುರಿತು. ಸಾಯುವ ಮಕ್ಕಳಿಗಾಗಿ ಕಟ್ಟಿದ ಮನೆ ಬದುಕುವ ಮಕ್ಕಳಿಗೆ ಸಾಲದಾಯಿತು. ಓದು, ಕೆಲಸ, ಮುಂದಿನ ಸಂಸಾರ ಎಲ್ಲವನ್ನೂ ಯೋಚಿಸಬೇಕಾಯಿತು.

2006ರಲ್ಲಿ ಕಿತುಯಿಯ ಒಣನೆಲದಲ್ಲಿ, ಸುಮಾರು 1,000 ಎಕರೆ ಜಾಗದಲ್ಲಿ, ನ್ಯುಂಬಾನಿ ಗ್ರಾಮ ಶುರುವಾಯಿತು. ಅಲ್ಲಿ ಕಂಡುಕೊಂಡ ಉತ್ತರ ಸರಳ. ಮಕ್ಕಳನ್ನು ಕಳೆದುಕೊಂಡ ಅಜ್ಜಿಯೊಬ್ಬಳು, ಅವಳ ಮೊಮ್ಮಕ್ಕಳು, ಜೊತೆಗೆ ಬೇರೆ ಕೆಲವು ತಬ್ಬಲಿ ಮಕ್ಕಳು ಸೇರಿ ಒಂದು ಮನೆ. ಅಂಥ ಮನೆಗಳ ಗುಂಪುಗಳು. ನಡುವೆ ಶಾಲೆ, ಕೈಕಸುಬಿನ ತರಬೇತಿ, ಆರೋಗ್ಯ ಕೇಂದ್ರ, ತರಕಾರಿ ತೋಟ. ಬರ ತಾಳುವ ಮುಕಾವು ಮರಗಳನ್ನು ದೊಡ್ಡ ಪ್ರಮಾಣದಲ್ಲಿ ನೆಟ್ಟರು. ಮುಂದೆ ಮರ ಮಾರಿ ಗ್ರಾಮ ತನ್ನ ಕಾಲ ಮೇಲೆ ನಿಲ್ಲಬೇಕೆಂಬುದು ಯೋಜನೆ.

ಗಮನಿಸಿ, ಅಜ್ಜಿಗೆ ಒಲೆ ಇದೆ, ಭಾಷೆ ಇದೆ, ಕಥೆ ಇದೆ. ಅವಳು ಪಾಳಿ ಮುಗಿಸಿ ಮನೆಗೆ ಹೋಗುವ ನೌಕರಳಲ್ಲ, ಅವಳ ಮನೆಯೇ ಅದು. ಹೆರ್ಮಾನ್ ಗ್ಮೈನರ್ ಎಂಬುವರು 1949ರಲ್ಲಿ ಆಸ್ಟ್ರಿಯಾದ ಇಮ್ಸ್ಟ್ ಎಂಬಲ್ಲಿ ಶುರುಮಾಡಿದ ಎಸ್‌ಒಎಸ್ ಮಕ್ಕಳ ಗ್ರಾಮಗಳೂ ಇಂಥದೇ ಯೋಚನೆಯಿಂದ ಹುಟ್ಟಿದವು: ಒಂದು ಮನೆ, ಒಬ್ಬ ತಾಯಿ, ಜೊತೆಯಲ್ಲೇ ಉಳಿಯುವ ಅಣ್ಣತಮ್ಮ ಅಕ್ಕತಂಗಿಯರು.

ಒಳಗೆ ಹೇಗಿರಬೇಕು

ಈಗ ನಕ್ಷೆಗೆ ಬರೋಣ. ಕಿಲಿಮಾನಿಯಲ್ಲಿ ಒಂದು ಹಳೆಯ ಬಂಗಲೆ ಸಿಕ್ಕಿದೆ ಎಂದುಕೊಳ್ಳಿ. ಅದನ್ನು ಕೆಲ ಕಾಲ ಎಂಟು ಮಕ್ಕಳಿಗೆ ಮನೆಯಾಗಿ ಮಾಡಬೇಕಿದೆ. ಎಂಬತ್ತಲ್ಲ, ಎಂಟು.

ಮಲಗುವ ಕೋಣೆಯಿಂದ ಶುರುಮಾಡಿ. ಭಾರತದ 2016ರ ಬಾಲನ್ಯಾಯ ಮಾದರಿ ನಿಯಮಗಳು 50 ಮಕ್ಕಳ ಸಂಸ್ಥೆಗೆ ತಲಾ 1,000 ಚದರ ಅಡಿಯ ಎರಡು ಮಲಗುವ ಕೊಠಡಿಗಳನ್ನು ಹೇಳುತ್ತವೆ, ಒಂದೊಂದರಲ್ಲಿ 25 ಮಕ್ಕಳು. ಮಗುವಿಗೆ 40 ಚದರ ಅಡಿ. ಜಾಗ ಕಡಿಮೆ ಆಗಬಾರದು ಎಂಬ ಕಾಳಜಿಯಿಂದ ಬಂದ ನಿಯಮವೇ ಅದು. ಆದರೆ 25 ಮಂಚಗಳ ನಡುವೆ ಮಗು ರಾತ್ರಿ ಬೆಚ್ಚಿ ಎದ್ದರೆ ಯಾರಿಗೆ ಗೊತ್ತಾಗುತ್ತದೆ? ಒಂದು ಕೋಣೆಗೆ ಇಬ್ಬರು, ಹೆಚ್ಚೆಂದರೆ ಮೂವರು. ಒಡಹುಟ್ಟಿದವರು ಒಂದೇ ಮನೆಯಲ್ಲಿ. ಪ್ರತಿ ಮಗುವಿಗೂ ಬೀಗವಿರುವ ಒಂದು ಕಪಾಟು, ಬೀಗದ ಕೈ ಅದರ ಬಳಿಯೇ. ಎಲ್ಲವನ್ನೂ ಕಳೆದುಕೊಂಡ ಮಗುವಿಗೆ ‘ಇದು ನನ್ನದು’ ಎನ್ನಲು ಏನಾದರೂ ಬೇಕು.

ಆಮೇಲೆ ಅಡುಗೆಮನೆ. ಸಂಸ್ಥೆಗಳಲ್ಲಿ ಅಡುಗೆಮನೆಗೆ ಮಕ್ಕಳಿಗೆ ಪ್ರವೇಶವಿರುವುದಿಲ್ಲ. ಊಟ ದೊಡ್ಡ ಪಾತ್ರೆಯಲ್ಲಿ ಎಲ್ಲಿಂದಲೋ ಬರುತ್ತದೆ. ನಿಮ್ಮ ಮನೆಯನ್ನು ನೆನೆಯಿರಿ. ಒಗ್ಗರಣೆಯ ಚಟಪಟ ಕೇಳಿಯೇ ಹಸಿವಾಗುವುದು, ಅಮ್ಮ ಚಪಾತಿ ಲಟ್ಟಿಸುವಾಗ ಕಟ್ಟೆಯ ಮೇಲೆ ಕುಳಿತು ಶಾಲೆಯ ಜಗಳ ಹೇಳುವುದು. ಸುಕುಮಾ ಹೆಚ್ಚುವ, ಉಗಾಲಿ ತಿರುವುವ ಕೆಲಸದಲ್ಲಿ ಮಗುವಿನ ಕೈಯೂ ಇರಬೇಕು. ಅಡುಗೆಮನೆಯ ಬಾಗಿಲು ತೆರೆದಿರಲಿ, ಮೇಜು ಪಕ್ಕದಲ್ಲೇ ಇರಲಿ.

ನಮ್ಮ ಮಲೆನಾಡಿನ ತೊಟ್ಟಿ ಮನೆಗಳಿಂದ ಇಲ್ಲಿ ಒಂದು ಪಾಠ ಇದೆ. ನಡುವಿನ ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರೆ ಸುತ್ತಲಿನ ಜಗಲಿಯಲ್ಲಿ ಅಡಿಕೆ ಸುಲಿಯುವವರ, ಅಕ್ಕಿ ಆರಿಸುವವರ ಕಣ್ಣು ಅವರ ಮೇಲೆ ಇದ್ದೇ ಇರುತ್ತದೆ. ಯಾರೂ ಕಾವಲು ಕಾಯುವುದಿಲ್ಲ, ಯಾರೂ ಕಾಣದೆ ಹೋಗುವುದೂ ಇಲ್ಲ. ಕ್ಯಾಮೆರಾ ಹಾಕುವ ಮೊದಲು ಜಗಲಿ ಹಾಕಿ. ನಾಚಿಕೆಯ ಮಗುವಿಗೂ ಜಗಲಿ ಬೇಕು. ಒಳಗೂ ಅಲ್ಲದ ಹೊರಗೂ ಅಲ್ಲದ ಆ ಜಾಗದಲ್ಲಿ ಮೊದಲ ವಾರ ಸುಮ್ಮನೆ ಕುಳಿತಿರಬಹುದು.

ನೆದರ್ಲೆಂಡ್ಸ್‌ನ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1960ರಲ್ಲಿ ಮುಗಿಸಿದ ಆಮ್‌ಸ್ಟರ್‌ಡ್ಯಾಮ್‌ನ ಅನಾಥಾಲಯ 125 ಮಕ್ಕಳಿಗಾಗಿತ್ತು. ಅವರು ದೊಡ್ಡ ಕಟ್ಟಡವನ್ನು ಪುಟ್ಟ ಗುಮ್ಮಟಗಳಾಗಿ, ಚಿಕ್ಕ ಚಿಕ್ಕ ಮನೆಗಳಾಗಿ ಒಡೆದರು. ಒಳಗಿನ ಓಣಿ ಬೀದಿಯಂತಿತ್ತು, ಹೊಸ್ತಿಲುಗಳಿಗೆ ಕೂರುವ ಜಾಗವಿತ್ತು. ವಾಸ್ತುಶಿಲ್ಪ ಓದುವವರು ಇಂದಿಗೂ ಅದನ್ನು ನೋಡುತ್ತಾರೆ. ಆದರೆ ಈಗ ಅಲ್ಲಿ ಮಕ್ಕಳಿಲ್ಲ, ಕಚೇರಿಗಳಿವೆ. ಎಷ್ಟೇ ಚೆಂದದ ಕಟ್ಟಡವಾದರೂ, ಕಾಲ ಬದಲಾದಾಗ ಬೇರೆ ಕೆಲಸಕ್ಕೆ ಒದಗುವಂತಿದ್ದರೆ ಒಳ್ಳೆಯದು. ನಮ್ಮ ಕಿಲಿಮಾನಿಯ ಮನೆ ನಾಳೆ ಮಾಮೂಲಿ ಸಂಸಾರವೊಂದರ ಮನೆಯಾಗಬಲ್ಲದಾದರೆ, ಇಂದು ಮಕ್ಕಳಿಗೂ ಅದು ಮನೆಯಂತೆಯೇ ಇರುತ್ತದೆ.

ಇನ್ನೊಂದು ಮಾತು. ಗೇಟಿನ ಮೇಲೆ ‘ಅನಾಥಾಲಯ’ ಎಂಬ ಫಲಕ ಬೇಡ. ಗೋಡೆಯ ಮೇಲೆ ದಾನಿಗಳ ಹೆಸರು ಬೇಡ. ಶಾಲಾ ವ್ಯಾನಿನ ಮೇಲೆ ಸಂಸ್ಥೆಯ ಹೆಸರು ಬೇಡ. ಶಾಲೆಯ ಗೆಳೆಯರ ಮುಂದೆ ಅದರಿಂದ ಇಳಿಯಬೇಕಾದ್ದು ಮಗು.

ಗುಡ್ಡದ ಮೇಲಿನ ಮಳೆ, ಬಿಸಿಲು

ಬಾಳಿಕೆ ಬರುವ ಮನೆ ಎಂದರೆ ಮೊದಲು ಖರ್ಚು ಕಡಿಮೆ ಇರುವ ಮನೆ. ಕರೆಂಟು, ನೀರಿನ ಬಿಲ್ಲಿಗೆ ಹೋಗುವ ಪ್ರತಿ ಶಿಲ್ಲಿಂಗ್ ಮಗುವಿನ ಜೊತೆಗಿರುವವರ ಸಂಬಳದಿಂದ ಹೋಗುತ್ತದೆ. ಸಂಬಳ ಸಾಲದೆ ಅವರು ಬಿಟ್ಟು ಹೋದರೆ ಮಗು ಮತ್ತೊಮ್ಮೆ ತಬ್ಬಲಿ.

ನೈರೋಬಿ ಸಮಭಾಜಕದ ಹತ್ತಿರ, ಆದರೆ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಜುಲೈ ರಾತ್ರಿಗಳ ಚಳಿ ನಿಮಗೇ ಗೊತ್ತು. ಕಿಟಕಿಗಳು ಉತ್ತರ ದಕ್ಷಿಣಕ್ಕಿದ್ದರೆ ಪುಟ್ಟ ಮಾಡೇ ಬಿಸಿಲು ತಡೆಯುತ್ತದೆ. ದಪ್ಪ ಕಲ್ಲಿನ ಅಥವಾ ಒತ್ತಿದ ಮಣ್ಣಿನ ಇಟ್ಟಿಗೆಯ ಗೋಡೆ ಹಗಲಿನ ಬಿಸಿಯನ್ನು ರಾತ್ರಿಗೆ ಉಳಿಸಿಕೊಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಇಂಥ ಮಣ್ಣಿನ ಇಟ್ಟಿಗೆಯ ಮೇಲೆ ಬಹಳ ಕೆಲಸ ಮಾಡಿದೆ. ನಿಮ್ಮ ಅಜ್ಜಿಗೆ ನೆನಪಿರಬಹುದಾದ ‘ಅಸ್ತ್ರ ಒಲೆ’ ಅಲ್ಲಿಂದಲೇ ಬಂದದ್ದು. ಕೆನ್ಯಾದಲ್ಲೂ ಅಂಥ ಇಟ್ಟಿಗೆ ಒತ್ತುವ ಕೈಯಂತ್ರಗಳು ಸಿಗುತ್ತವೆ. ಸ್ನಾನದ ಬಿಸಿನೀರಿಗೆ ಬೆಂಗಳೂರಿನ ತಾರಸಿಗಳಂತೆ ಸೋಲಾರ್ ಸಾಕು.

ನೀರಿನ ಲೆಕ್ಕ ನೀವೇ ಮಾಡಬಹುದು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮಾಡು 100 ಚದರ ಮೀಟರ್, ವರ್ಷದ ಮಳೆ ಸುಮಾರು 900 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಒಟ್ಟು 90,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 72,000. ಹತ್ತು ಜನರಿಗೆ ದಿನಕ್ಕೆ ತಲಾ 50 ಲೀಟರ್‌ನಂತೆ 144 ದಿನಗಳ ನೀರು. ಆದರೆ ಮಳೆ ಬರುವುದು ಮಾರ್ಚ್‌ನಿಂದ ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. 10,000 ಲೀಟರ್ ಟ್ಯಾಂಕಿನಲ್ಲಿ ಹಿಡಿಯುವುದು ಇಪ್ಪತ್ತು ದಿನದ ನೀರು ಮಾತ್ರ. ಹಾಗಾಗಿ ಮಳೆನೀರು ಪೂರ್ತಿ ಉತ್ತರವಲ್ಲ, ದೊಡ್ಡ ಸಹಾಯ. ಬೋರ್‌ವೆಲ್ ನೀರಿನ ಬಗ್ಗೆ ಎಚ್ಚರ ಬೇಕು. ನೈರೋಬಿಯ ಅಂತರ್ಜಲದಲ್ಲಿ ನಮ್ಮ ಪಾವಗಡದಂತೆಯೇ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲಿಗೆ ಕೇಡು. ಪರೀಕ್ಷೆ ಮಾಡಿಸದೆ ಕುಡಿಸಬಾರದು. ಮಳೆನೀರಿನಲ್ಲಿ ಈ ತೊಂದರೆಯಿಲ್ಲ.

ಜಾಗದ ಆಯ್ಕೆಯೂ ಮುಖ್ಯ. ಕಿಲಿಮಾನಿಯಲ್ಲಿ ಈಗ ಬಂಗಲೆಗಳು ಉರುಳಿ ಅಪಾರ್ಟ್‌ಮೆಂಟ್‌ಗಳು ಏಳುತ್ತಿವೆ, ನೆಲದ ಬೆಲೆ ಕೈಗೆಟುಕದು. ಊರಾಚೆ ಹೋದರೆ ಅದೇ ದುಡ್ಡಿಗೆ ದೊಡ್ಡ ಜಾಗ, ಆಟದ ಮೈದಾನ. ಆದರೆ ಮಗುವಿನ ಚಿಕ್ಕಮ್ಮ ಕಿಬೇರಾದಲ್ಲಿದ್ದರೆ ಕಿಲಿಮಾನಿಗೆ ಭಾನುವಾರ ನಡೆದೇ ಬರುತ್ತಾಳೆ. ಊರಾಚೆಗಾದರೆ ಎರಡು ಮಟಾಟು ಬದಲಿಸಬೇಕು, ಆ ಬಾಡಿಗೆಗೆ ಅವಳ ಒಂದು ದಿನದ ಕೂಲಿ ಹೋಗುತ್ತದೆ. ಮೊದಲ ತಿಂಗಳು ಬಂದಾಳು, ಮೂರನೆಯ ತಿಂಗಳು ಬಾರಳು. ಮೈದಾನಕ್ಕಿಂತ ಚಿಕ್ಕಮ್ಮ ದೊಡ್ಡವಳು. ಮನೆಯ ನಕ್ಷೆಯಲ್ಲಿ ಅವಳು ಬಂದರೆ ಕೂರಲು, ಬೇಕಾದರೆ ಒಂದು ರಾತ್ರಿ ಉಳಿಯಲು ಒಂದು ಕೋಣೆ ಇರಲಿ.

ಹದಿನೆಂಟು ತುಂಬಿದ ಬೆಳಗ್ಗೆ

ಮಕ್ಕಳ ಮನೆಗೆ ಒಳಬರುವ ಬಾಗಿಲಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಹೊರಹೋಗುವ ಬಾಗಿಲಿನ ಬಗ್ಗೆ ಯೋಚಿಸುವವರು ಕಡಿಮೆ. ಹದಿನೆಂಟು ತುಂಬಿದಾಗ ನಿಮಗೆ ಪಾರ್ಟಿ. ಸಂಸ್ಥೆಯಲ್ಲಿ ಬೆಳೆದ ಹುಡುಗನಿಗೆ ಅದು ಮನೆ ಬಿಡುವ ದಿನ. ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಗೊತ್ತಿಲ್ಲ, ಬಾಡಿಗೆ ಮಾತಾಡಿ ಗೊತ್ತಿಲ್ಲ, ಜ್ವರ ಬಂದರೆ ಫೋನ್ ಮಾಡಲು ಯಾರೂ ಇಲ್ಲ. ಕೆನ್ಯಾದಲ್ಲಿ ಸಂಸ್ಥೆಗಳಲ್ಲಿ ಬೆಳೆದು ಹೊರಬಂದ ಯುವಕ ಯುವತಿಯರೇ ಸೇರಿ ‘ಕೆನ್ಯಾ ಸೊಸೈಟಿ ಆಫ್ ಕೇರ್‌ಲೀವರ್ಸ್’ ಎಂಬ ಸಂಘ ಮಾಡಿಕೊಂಡಿದ್ದಾರೆ. ಮನೆ ಕಟ್ಟುವವರು ಮೊದಲು ಕೇಳಬೇಕಾದ್ದು ಇಂಥವರ ಮಾತನ್ನು.

ಆದ್ದರಿಂದ ಪ್ರತಿ ಮಗುವಿಗೂ ಒಂದು ಪುಸ್ತಕ ಇರಲಿ. ಹುಟ್ಟಿದ ಊರು, ಅಮ್ಮನ ಹೆಸರು, ಒಂದು ಫೋಟೋ, ಅಜ್ಜಿ ಹೇಳುತ್ತಿದ್ದ ಕಥೆ, ತನ್ನ ಭಾಷೆಯ ನಾಲ್ಕು ಹಾಡು. ಅದು ಕಚೇರಿಯ ಕಡತವಲ್ಲ, ಮಗುವಿನ ಸ್ವಂತದ್ದು. ಹೊರಡುವಾಗ ಅದರ ಕೈಯಲ್ಲೇ ಹೋಗಬೇಕು.

ನೀವೇನು ಮಾಡಬಹುದು?

ಕೇಕ್ ತೆಗೆದುಕೊಂಡು ಹೋಗುವುದು ತಪ್ಪೇ ಎಂದು ಕೇಳಬಹುದು. ಪ್ರೀತಿ ತಪ್ಪಲ್ಲ. ಆದರೆ ಬಂದು, ಎತ್ತಿ ಮುದ್ದಾಡಿ, ಮತ್ತೆ ಬಾರದ ಇಪ್ಪತ್ತು ಅಕ್ಕ ಅಣ್ಣಂದಿರು ಮಗುವಿಗೆ ಇಪ್ಪತ್ತು ಅಗಲಿಕೆಗಳು. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೂ ಅನಾಥಾಲಯಗಳ ಸ್ವಯಂಸೇವೆ, ಪ್ರವಾಸಗಳಿಂದ ಆಗುವ ಕೇಡಿನ ಬಗ್ಗೆ ಎಚ್ಚರಿಸಿತು.

ಹಾಗಾಗಿ ಒಂದು ಮನೆಗೆ ಕೈಜೋಡಿಸುವ ಮುನ್ನ ವಿನಯದಿಂದ ಐದು ಪ್ರಶ್ನೆ ಕೇಳಿ. ಈ ಮಕ್ಕಳಲ್ಲಿ ಎಷ್ಟು ಜನರಿಗೆ ಬಂಧುಗಳಿದ್ದಾರೆ? ಅವರನ್ನು ಹುಡುಕುವ ಕೆಲಸ ಯಾರು ಮಾಡುತ್ತಾರೆ? ಕಳೆದ ವರ್ಷ ಎಷ್ಟು ಮಕ್ಕಳು ಕುಟುಂಬಕ್ಕೆ ಮರಳಿದರು? ಮಕ್ಕಳ ಜೊತೆಗಿರುವವರು ಎಷ್ಟು ವರ್ಷದಿಂದ ಇದ್ದಾರೆ? ಹೊರಹೋದವರು ಈಗ ಎಲ್ಲಿದ್ದಾರೆ? ಉತ್ತರ ಹೇಳಲು ಮುಜುಗರಪಡದ ಮನೆ ಒಳ್ಳೆಯ ಮನೆ.

ಆಮೇಲೆ ಗೋಡೆಗೆ ಬಣ್ಣ ಬಳಿಯುವ ದುಡ್ಡನ್ನು ಒಬ್ಬ ಅಜ್ಜಿಯ ಕಡೆಗೆ ತಿರುಗಿಸಬಹುದೇ ನೋಡಿ. ಮೊಮ್ಮಕ್ಕಳ ಶಾಲೆಯ ಫೀಸು, ಸೋರುವ ಮಾಡಿಗೆ ನಾಲ್ಕು ತಗಡು, ಒಂದು ನೀರಿನ ಟ್ಯಾಂಕು, ಹಿತ್ತಲಿಗೆ ಸುಕುಮಾ ಬೀಜ. ಅಷ್ಟರಿಂದ ಒಂದು ಮಗು ಅನಾಥಾಲಯದ ಮೆಟ್ಟಿಲು ಹತ್ತದೆ ಉಳಿದರೆ, ನೀವು ಒಂದು ಮನೆ ಕಟ್ಟಿದ ಹಾಗೆಯೇ. ಅದಕ್ಕೆ ಉದ್ಘಾಟನೆ ಇರುವುದಿಲ್ಲ, ಫಲಕ ಇರುವುದಿಲ್ಲ, ಫೋಟೋ ಕೂಡ ಇರುವುದಿಲ್ಲ. ಸಂಜೆ ಶಾಲೆಯಿಂದ ಬಂದ ಮಗುವನ್ನು ಯಾರಾದರೂ ಎಲ್ಲಿದ್ದೀಯ ಎಂದು ಕೇಳಿದರೆ, ಅದು ತನ್ನ ಭಾಷೆಯಲ್ಲೋ ಸ್ವಾಹಿಲಿಯಲ್ಲೋ ಒಂದೇ ಪದ ಹೇಳುತ್ತದೆ: ನ್ಯುಂಬಾನಿ. ಮನೆಯಲ್ಲಿ.

ಈ ಭಾನುವಾರ ಊರಿನಿಂದ ಅಜ್ಜಿಯ ಫೋನ್ ಬಂದರೆ, ಅಮ್ಮನ ಕೈಗೆ ಕೊಡುವ ಮೊದಲು ನೀವೇ ಎರಡು ಮಾತು ಆಡಿ. ಬಂದಷ್ಟು ಕನ್ನಡದಲ್ಲಿ ಆಡಿದರೆ ಸಾಕು.